ಮೂರನೇ ಮಹಡಿಯ ಪಾಚಿ

ಮಾರ್ಚ್ 3

ಮೀನಿನ ತೊಟ್ಟಿಯವರಿಗೆ,

ಆಸ್ಪತ್ರೆಯವರು ಮೂರು ವರ್ಷ ದುಡಿದರೆ ಕಾಯಂ ಮಾಡುತ್ತೇವೆ ಎಂದರು. ಹನ್ನೊಂದು ವರ್ಷ ದುಡಿದೆ, ಮಾಡಲಿಲ್ಲ. ಕೈಗವಸು ಕೊಡುತ್ತೇವೆ ಎಂದರು. ಒಂದು ಜೊತೆ ಕೊಟ್ಟರು, ಅದು ಹರಿದ ಮೇಲೆ ಹರಿದದ್ದನ್ನು ತಂದು ತೋರಿಸು ಎಂದರು, ತೋರಿಸಿದರೆ "ಜೋಪಾನ ಮಾಡೋಕೆ ಬರಲ್ವಾ?" ಎಂದು ಬೈದರು. ಕೂತು ಊಟ ಮಾಡಲು ಒಂದು ಕೋಣೆ ಎಂದರು. ಬಕೆಟ್ಟು, ಪೊರಕೆ ಇಡುವ ಕೋಣೆಯ ಬಾಗಿಲಿಗೆ 'ಸಿಬ್ಬಂದಿ ಕೊಠಡಿ' ಎಂದು ಚೀಟಿ ಅಂಟಿಸಿದರು. ಲಿಫ್ಟು ಎಲ್ಲರಿಗೂ ಎಂದರು. ನಮಗೆ ಇವತ್ತಿಗೂ ಹಿಂದಿನ ಮೆಟ್ಟಿಲೇ. ತಪ್ಪು ಹೊರಿಸುವ ಮೊದಲು ನಿಮ್ಮ ಮಾತು ಕೇಳುತ್ತೇವೆ ಎಂದರು. ಫೆಬ್ರವರಿ 24ರ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲೇ ನನ್ನ ಗುರುತಿನ ಕಾರ್ಡು ಬಿಚ್ಚಿಸಿಕೊಂಡು ಒಂದು ಕಾಗದ ಕೈಗಿಟ್ಟರು.

ಇದೆಲ್ಲ ಅವರು ಹೇಳಿದ್ದು, ಮಾಡದೆ ಬಿಟ್ಟದ್ದು. ಅವರಿಂದ ನನಗೇನೂ ಆಶ್ಚರ್ಯವಿಲ್ಲ.

ಈಗ ನೀವು ಹೇಳಿದ್ದು. "ಅಕ್ಕಾ, ಸಂಘದ ಅರ್ಜಿಯಲ್ಲಿ ನಿನ್ನ ಸಹಿ ಕೆಳಗೇ ನನ್ನ ಸಹಿ. ಏನಾದ್ರೂ ಆದ್ರೆ ಇಬ್ಬರಿಗೂ ಆಗ್ಲಿ." ಹೀಗೆ ಹೇಳಿದ ನಾಲ್ಕನೇ ವಾರಕ್ಕೆ ನೀವು ಇನ್ನೊಂದು ಕಾಗದಕ್ಕೆ ಸಹಿ ಹಾಕಿದಿರಿ. ಗೇಟಿನಲ್ಲಿ ನನ್ನ ಕೈಗೆ ಬಂದದ್ದು ಅದರ ಪ್ರತಿ. "ಮೂರನೇ ಮಹಡಿಯ ಸ್ವಚ್ಛತಾ ಸಿಬ್ಬಂದಿ ಸಮುದ್ರಮೀನಿನ ತೊಟ್ಟಿಗೆ ತಿಂಡಿ ಹಾಗೂ ನೆಲ ಒರೆಸುವ ನೀರನ್ನು ಹಾಕಿದ ಕಾರಣ ಪಾಚಿ ಬೆಳೆದು ಹವಳಗಳು ಸತ್ತಿರುತ್ತವೆ." ಕೆಳಗೆ ನಿಮ್ಮ ಸಹಿ. ಅಕ್ಷರ ಚೆನ್ನಾಗಿದೆ.

ಹತ್ತೊಂಬತ್ತು ಸಲ ಫೋನು ಮಾಡಿದ್ದೀರಿ. ಎತ್ತುವುದಿಲ್ಲ. ನನ್ನನ್ನು ಬರೆದು ಕಳೆದವರು ನೀವು. ಏನು ಹೇಳುವುದಿದ್ದರೂ ಬರೆದೇ ಹೇಳಿ.

ಇಂತಿ,
ಮೂರನೇ ಮಹಡಿಯ ಸ್ವಚ್ಛತಾ ಸಿಬ್ಬಂದಿ


ಮಾರ್ಚ್ 11

ಅಕ್ಕಾ,

ನೀನು ನನ್ನನ್ನು 'ನೀವು' ಎಂದಿದ್ದೀಯ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆ ದಿನ ಏನಾಯಿತೆಂದು ಹೇಳುತ್ತೇನೆ. ಆಸ್ಪತ್ರೆಯ ಅಧ್ಯಕ್ಷರು ಮಕ್ಕಳ ವಾರ್ಡು ನೋಡಲು ಬಂದಿದ್ದರು. ತೊಟ್ಟಿಯ ಸ್ಥಿತಿ ನಿನಗೆ ಗೊತ್ತೇ ಇತ್ತು. ಕಲ್ಲಿನ ಮೇಲೆಲ್ಲ ಹಸಿರು ಕೂದಲು. ಹಲ್ಲುಜ್ಜುವ ಬ್ರಷ್ಷು ಹಾಕಿ ಉಜ್ಜಿದರೆ ನಾಲ್ಕು ದಿನಕ್ಕೆ ಮತ್ತೆ ಬೆರಳುದ್ದ. ಹವಳಗಳು ಮುದುಡಿ ಕೂತಿದ್ದವು, ಎರಡು ಬೆಳ್ಳಗಾಗಿದ್ದವು. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಏನ್ರೀ ಇದು? ಮಕ್ಕಳಿಗೆ ಸಮುದ್ರ ತೋರಿಸ್ತೀನಿ ಅಂದ್ರಿ, ಚರಂಡಿ ತೋರಿಸ್ತಿದೀರಲ್ಲ!" ಹಿಂದೆ ನಿಂತ ಡಾಕ್ಟರುಗಳು ನಕ್ಕರು. ಮೂರುಪೆನ್ನು ನಗಲಿಲ್ಲ.

ಜೇಬಿನಲ್ಲಿ ಮೂರು ಪೆನ್ನು ಸಿಕ್ಕಿಸಿಕೊಂಡು ಒಂದರಲ್ಲೂ ಬರೆಯದ ಮ್ಯಾನೇಜರಿಗೆ ಆ ಹೆಸರಿಟ್ಟವಳು ನೀನೇ. ಅವನು ಮಧ್ಯಾಹ್ನ ನನ್ನನ್ನು ಕರೆಸಿದ. ಕಾಗದ ಆಗಲೇ ಟೈಪ್ ಆಗಿತ್ತು. "ಸಹಿ ಹಾಕು. ಇಲ್ಲಾಂದ್ರೆ ತೊಟ್ಟಿ ನೋಡ್ಕೊಳ್ಳೋನು ನೀನು, ತಪ್ಪೂ ನಿಂದೇ" ಎಂದ. ಅಕ್ಕಾ, ಅದರಲ್ಲಿ ನಿನ್ನ ಹೆಸರಿರಲಿಲ್ಲ. 'ಸಿಬ್ಬಂದಿ' ಎಂದಷ್ಟೇ ಇತ್ತು. ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದುಕೊಂಡೆ.

ನಾನು ವಾರಕ್ಕೊಮ್ಮೆ ಒಂದು ಬ್ಯಾಂಕಿನ ತೊಟ್ಟಿಯನ್ನೂ ನೋಡಿಕೊಳ್ಳುತ್ತೇನೆ. ಅಲ್ಲಿ ಕಸ ಗುಡಿಸಲು ಜನ ಬೇಕಂತೆ. ಹೇಳಲಾ?

ನಿನ್ನ ತಮ್ಮ


ಮಾರ್ಚ್ 19

ಏನೋ,

ಮರ್ಯಾದೆ ಕೊಟ್ಟು ಬರೆಯೋಣ ಎಂದುಕೊಂಡಿದ್ದೆ. ನಿನ್ನ ಕಾಗದದ ಮೂರನೇ ಸಾಲಿಗೇ ಅದು ಮುಗಿದುಹೋಯಿತು.

ಹೆಸರಿರಲಿಲ್ಲವಂತೆ! ಮೂರನೇ ಮಹಡಿಯಲ್ಲಿ ಬೆಳಗಿನ ಪಾಳಿಗೆ ಎಷ್ಟು ಜನ ಇದ್ದೆವು ಹೇಳು. ನಾನು ಒಬ್ಬಳು. ಊರಿನ ಒಂದೇ ಬಾವಿಗೆ ವಿಷ ಹಾಕಿ, 'ಯಾವ ಬಾವಿ ಅಂತ ನಾನು ಹೇಳಿಲ್ಲ' ಎನ್ನುವ ಬುದ್ಧಿ ಇದು. ಹೆಸರು ಬರೆಯದೆ ಕತ್ತು ಕೊಯ್ಯುವುದನ್ನು ಅವರು ಶಾಲೆಗೆ ಹೋಗಿ ಕಲಿತಿದ್ದಾರೆ. ನೀನು ಯಾವಾಗ ಕಲಿತೆ?

ಕೆಲಸಗಾರರ ಸಂಘದ ಬೇಡಿಕೆಯ ಅರ್ಜಿ ಕೊಟ್ಟು ತಿಂಗಳಾಗಿರಲಿಲ್ಲ. ಅದರಲ್ಲಿ ಮೊದಲ ಹೆಸರು ನನ್ನದು. ಅವರಿಗೆ ಒಂದು ನೆಪ ಬೇಕಿತ್ತು. ನೆಪಕ್ಕೆ ಒಂದು ಸಹಿ ಬೇಕಿತ್ತು. ಇಷ್ಟು ಅರ್ಥವಾಗದಷ್ಟು ದಡ್ಡ ನೀನಲ್ಲ. ಸಂಘದವರು ಜಗಳ ಮಾಡಿ, ಗೇಟಿನಲ್ಲಿ ಎರಡು ದಿನ ಕೂತು, ಒಂದು ವಿಚಾರಣೆ ಮಾಡಿಸುತ್ತಿದ್ದಾರೆ. ಮೇ 12ಕ್ಕೆ. ನೀನು ಹಾಕಿದ ಸಹಿ ಅಲ್ಲಿ ನನ್ನೆದುರು ಕೂತಿರುತ್ತದೆ.

ಈಗ ಒಂದು ಹೋಟೆಲಿನ ಬಟ್ಟೆ ತೊಳೆಯುವ ಮನೆಯಲ್ಲಿ ಇದ್ದೇನೆ. ದಿನವಿಡೀ ಹಾಸಿಗೆ ಹೊದಿಕೆ ಮಡಚುತ್ತೇನೆ. ನಿನ್ನ ಬ್ಯಾಂಕಿನ ಕಸ ನೀನೇ ಗುಡಿಸಿಕೋ.

ಕೇಳು. ಮಗಳು ಅದೇ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಎರಡನೇ ವರ್ಷ. ಆ ಕಾಗದದ ಇನ್ನೊಂದು ಪ್ರತಿಯನ್ನು ನೋಟೀಸು ಹಲಗೆಗೆ ಹಾಕಿದ್ದಾರೆ. ಎಲ್ಲ ಹುಡುಗಿಯರೂ ಓದಿದ್ದಾರೆ. ಮೊನ್ನೆ ನನ್ನ ಜೊತೆ ಮನೆಯ ಬಟ್ಟೆ ಮಡಚುತ್ತಾ ಕೇಳಿದಳು, "ಅಮ್ಮಾ, ಬೈಬೇಡ. ನೀನೇನಾದ್ರೂ ಹಾಕಿದ್ಯಾ ಅದಕ್ಕೆ?"

ನಾನು ಮಡಚುತ್ತಲೇ ಇದ್ದೆ.

ನನಗೆ ನಿನ್ನ ಅಳು ಬೇಡ. ಒಂದು ಪ್ರಶ್ನೆಗೆ ಉತ್ತರ ಬೇಕು. ಅಂಥ ಪಾಚಿ ಯಾತರಿಂದ ಬರುತ್ತದೆ? ಯಾರಾದರೂ ಒಂದೇ ಒಂದು ಸಲ ಏನಾದರೂ ಹಾಕಿದರೆ ಬರುತ್ತದೆಯಾ? ತಿಳಿದವನು ನೀನು. ಬರೆ.

ಅಕ್ಕ ಎಂದು ಸಹಿ ಹಾಕಲು ಕೈ ಬರುತ್ತಿಲ್ಲ.


ಏಪ್ರಿಲ್ 2

ಅಕ್ಕಾ,

ನೀನು ಹೋಗಿ ಮೂವತ್ತೇಳು ದಿನ. ಪಾಚಿ ಮಾತ್ರ ಬೆಳೆಯುತ್ತಲೇ ಇದೆ.

ಹೋದ ವಾರ ತೊಟ್ಟಿಗೆ ಮೂರು ದಿನ ಕಪ್ಪು ಬಟ್ಟೆ ಹೊದಿಸಿದೆ. ಬೆಳಕಿಲ್ಲದಿದ್ದರೆ ಪಾಚಿ ಸೊರಗುತ್ತದೆ, ಮೀನುಗಳು ತಡೆದುಕೊಳ್ಳುತ್ತವೆ. ವಾರ್ಡಿನ ಮಕ್ಕಳೆಲ್ಲ ಬಂದು ಬಟ್ಟೆ ಎತ್ತಿ ಎತ್ತಿ ನೋಡಿದರು. "ಮೀನು ಸತ್ತೋದ್ವಾ ಅಂಕಲ್?" ನಿದ್ದೆ ಮಾಡುತ್ತಿವೆ ಎಂದೆ. ನಾಲ್ಕನೇ ದಿನ ಬಟ್ಟೆ ತೆಗೆದಾಗ ನೀರು ತಿಳಿಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರುಪೆನ್ನು ಬೆನ್ನು ತಟ್ಟಿ, "ನೋಡು, ಆ ಹೆಂಗಸು ಹೋದ್ಮೇಲೆ ಹೇಗೆ ಸರಿಹೋಯ್ತು!" ಎಂದ. ನಾನು ಹೂಂ ಎಂದೆ.

ಇವತ್ತು ಆರನೇ ದಿನ. ಮತ್ತೆ ಅದೇ ಹಸಿರು ಕೂದಲು. ಈಗ ಮರಳಿನ ಮೇಲೆ ಕೆಂಪು ಲೋಳೆಯೂ ಕೂತಿದೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಕೂತೆ. ಬರೆಯುತ್ತೇನೆ.

ತಮ್ಮ


ಏಪ್ರಿಲ್ 9

ಅಕ್ಕಾ,

ನಿನ್ನಿಂದ ಕಾಗದ ಬಂದಿಲ್ಲ. ಬರಬೇಕಾದದ್ದು ನನ್ನಿಂದ ಎಂದು ಗೊತ್ತಿದೆ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ಪಾಚಿ ಬಂದದ್ದು ನೀರಿನಿಂದ. ನಲ್ಲಿಯ ನೀರಿನಿಂದ. ಹಾಕಿದ್ದು ನಾನು.

ತೊಟ್ಟಿಯ ನೀರು ದಿನಾ ಎರಡು ಮೂರು ಲೀಟರು ಆವಿಯಾಗುತ್ತದೆ. ಉಪ್ಪು ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಆ ಖಾಲಿಯನ್ನು ಶುದ್ಧ ಮಾಡಿದ ನೀರಿನಿಂದಲೇ ತುಂಬಬೇಕು. ಅದಕ್ಕಾಗಿ ಗುತ್ತಿಗೆ ಕಂಪನಿಯ ಗೋದಾಮಿನಿಂದ ವಾರಕ್ಕೆ ಎರಡು ಕ್ಯಾನು ಬರುತ್ತಿತ್ತು. ಒಂದೊಂದೂ ಇಪ್ಪತ್ತು ಲೀಟರು. ಅಕ್ಟೋಬರಿನಲ್ಲಿ ಗೋದಾಮಿನ ಫಿಲ್ಟರು ಕೆಟ್ಟು ಕ್ಯಾನು ನಿಂತುಹೋಯಿತು. ಮೂರುಪೆನ್ನಿಗೆ ಎರಡು ಸಲ ಹೇಳಿದೆ. "ನೀರು ನೀರೇ ಅಲ್ವೇನೋ? ಮೀನು ನಿನ್ನ ಹತ್ರ ಬಂದು ಕಂಪ್ಲೇಂಟ್ ಮಾಡ್ತಾ?" ಎಂದ. ಮೂರನೇ ಸಲ ಹೇಳಲಿಲ್ಲ. ನಿಮ್ಮ ಬಕೆಟ್ಟಿನ ಕೋಣೆಯ ನಲ್ಲಿ ಹತ್ತಿರವಿತ್ತು. ಅದರಿಂದ ತುಂಬಿದೆ.

ನೀನು ನೋಡಿದ್ದೆ. ನೆನಪಿದೆಯಾ? ನೀನೇ ಬಕೆಟ್ಟು ಬೋರಲು ಹಾಕಿ ತಳದ ಬಿಳಿ ಪೊರೆ ಉಗುರಿನಿಂದ ಕೆರೆದು ತೋರಿಸಿದೆ. "ಈ ನೀರು ನನ್ನ ಬಕೆಟ್ಟನ್ನೇ ಹೀಗೆ ಮಾಡುತ್ತೆ, ಚರಂಡಿ ಬಾಯಲ್ಲಿ ಲೋಳೆ ಕಟ್ಟುತ್ತೆ. ಇದನ್ನ ನಿನ್ನ ಸಮುದ್ರಕ್ಕೆ ಹಾಕ್ತಿದೀಯಲ್ಲೋ ಮಾರಾಯ!" ಎಂದೆ. ನಾನು ಏನೆಂದೆ ಗೊತ್ತಾ? "ನೀನು ನೆಲ ನೋಡ್ಕೋ ಅಕ್ಕಾ, ನೀರು ನನಗೆ ಬಿಡು." ನೀನು ನಕ್ಕುಬಿಟ್ಟೆ. ಆ ನಗು ಈಗ ನೆನಪಾದರೆ ಎಲ್ಲಿ ಮುಖ ಇಡುವುದೋ ತಿಳಿಯುವುದಿಲ್ಲ.

ಇಷ್ಟೇ ಆಗಿದ್ದರೆ ತಪ್ಪು ಅವರದು ಎನ್ನಬಹುದಿತ್ತು. ಇಷ್ಟೇ ಅಲ್ಲ. ಡಿಸೆಂಬರಿನಲ್ಲಿ ಕ್ಯಾನು ಮತ್ತೆ ಬರತೊಡಗಿತು. ಎರಡು ಕ್ಯಾನನ್ನು ಹಿಂದಿನ ಮೆಟ್ಟಿಲಲ್ಲಿ ಮೂರನೇ ಮಹಡಿಗೆ ಹೊರಬೇಕು. ನನ್ನ ಮಂಡಿ ನಿನಗೆ ಗೊತ್ತಲ್ಲ. ಎರಡು ತಿಂಗಳು ಹೊರದೆ ಅಭ್ಯಾಸವಾಗಿತ್ತು. ಹೊರಲಿಲ್ಲ. ಕ್ಯಾನು ಕೆಳಗೆ ಕೂತಿತು, ನಾನು ನಲ್ಲಿ ತಿರುಗಿಸಿದೆ. ಫೆಬ್ರವರಿಯವರೆಗೂ.

ಇನ್ನೂ ಒಂದಿದೆ. ಆ ಕಾಗದಕ್ಕೆ ಸಹಿ ಹಾಕಿದ್ದು ಬರೀ ಹೆದರಿ ಅಲ್ಲ. "ತಂತ್ರಜ್ಞ ನೀನು, ಅವರ ಜೊತೆ ಮೆಟ್ಟಿಲು ಹತ್ತೋದು ನಿನಗೆ ಶೋಭೆನಾ?" ಎಂದು ಮೂರುಪೆನ್ನು ಕೇಳಿದ. ಮರುದಿನ ನನ್ನ ಹೆಸರಿಗೆ ಲಿಫ್ಟಿನ ಕಾರ್ಡು ಬಂತು.

ಅದೇ ಲಿಫ್ಟಿನಲ್ಲಿ ಈಗ ದಿನಾ ಮೇಲೆ ಹೋಗುತ್ತೇನೆ. ಒಳಗೆ ಮೂರು ಕಡೆ ಕನ್ನಡಿ ಇದೆ. ನಾನು ನೆಲ ನೋಡುತ್ತಾ ಹೋಗುತ್ತೇನೆ.

ತಮ್ಮ ಎಂದು ಬರೆಯಲು ನನಗೂ ಕೈ ಬರುತ್ತಿಲ್ಲ.


ಏಪ್ರಿಲ್ 21

ಲಿಫ್ಟಿಗಾ?

ನಿನ್ನ ಕಾಗದ ಓದಿ ಮೊದಲು ನಕ್ಕೆ. ಬಟ್ಟೆಮನೆಯ ಹೆಂಗಸರೆಲ್ಲ ತಿರುಗಿ ನೋಡುವಷ್ಟು ನಕ್ಕೆ. ಮನೆ ಕೊಡುತ್ತೇನೆ ಎಂದಿದ್ದರೆ, ಕೆಲಸ ಕಾಯಂ ಎಂದಿದ್ದರೆ, 'ಹೋಗಲಿ, ಹೊಟ್ಟೆಪಾಡು' ಎಂದುಕೊಳ್ಳುತ್ತಿದ್ದೆ. ಮೂರು ಮಹಡಿ ಮೇಲೆ ಹೋಗಲು ನನ್ನನ್ನು ಕೆಳಗೆ ತಳ್ಳಿದೆಯಲ್ಲೋ!

ನಮ್ಮ ಅರ್ಜಿಯ ಮೊದಲ ಬೇಡಿಕೆ ಯಾವುದು? ಲಿಫ್ಟು ಎಲ್ಲರಿಗೂ. ಅದನ್ನು ಮೊದಲು ಹಾಕಿ ಎಂದು ಹಟ ಹಿಡಿದವನು ನೀನೇ. ಬಾಯಿ ಬಿಟ್ಟು ಸತ್ಯ ಹೇಳಿದ್ದರೆ ನೀನು ಆ ದಿನವೇ ಗೆಲ್ಲುತ್ತಿದ್ದೆ. 'ನಿಮ್ಮ ಸಮುದ್ರ ಚರಂಡಿಯಾದದ್ದು ಯಾಕೆ ಗೊತ್ತಾ? ನೀರು ಹೊರುವವನನ್ನು ನೀವು ಲಿಫ್ಟಿಗೆ ಬಿಡಲಿಲ್ಲ, ಅದಕ್ಕೆ' ಎಂದು ಅಧ್ಯಕ್ಷನ ಮುಖಕ್ಕೇ ಹೇಳಬಹುದಿತ್ತು. ಇಡೀ ಸಂಘ ನಿನ್ನ ಹಿಂದೆ ನಿಲ್ಲುತ್ತಿತ್ತು. ನಲವತ್ತು ಜನರ ಬಾಗಿಲನ್ನು ನೀನು ಒಂದು ಕಾರ್ಡು ಮಾಡಿಕೊಂಡು ಜೇಬಿಗಿಟ್ಟೆ.

ಇಷ್ಟು ಬೈದ ಮೇಲೆ ಇದನ್ನು ಬರೆಯುವುದು ಕಷ್ಟ. ಬರೆಯದಿದ್ದರೆ ನಾನೂ ನಿನ್ನಂಥವಳೇ.

ಜನವರಿಯಲ್ಲಿ ಒಂದು ಪುಟ್ಟ ಹುಡುಗಿ ಇದ್ದಳು. ತಲೆ ಬೋಳಿಸಿದ್ದರು, ಮರುದಿನ ಆಪರೇಷನ್. ತೊಟ್ಟಿಯ ಮುಂದೆ ಬಂದು ಕೂತಳು. ಕೈಯಲ್ಲಿ ಬಿಸ್ಕತ್ತು. ಅವಳು ಏನೂ ತಿನ್ನಬಾರದು ಎಂದು ಹೇಳಿದ್ದರು, ಆ ಬಿಸ್ಕತ್ತನ್ನು ಯಾರು ಕೊಟ್ಟರೋ. "ಅಜ್ಜೀ, ನಾನು ತಿನ್ನೋ ಹಾಗಿಲ್ಲ. ಮೀನು ತಿನ್ಲಿ" ಎಂದಳು. ಅಜ್ಜಿ ಅಂತೆ ನಾನು! ಬೇಡ ಎನ್ನಬೇಕಿತ್ತು. ನೀನು ಅಂಟಿಸಿದ ಚೀಟಿ ಗಾಜಿನ ಮೇಲೇ ಇತ್ತು, 'ಏನೂ ಹಾಕಬೇಡಿ' ಎಂದು. ಒಂದು ಚಿಟಿಕೆ ಪುಡಿ ಮಾಡಿ ಮುಚ್ಚಳ ಸರಿಸಿ ಹಾಕಿದೆ. ಕಿತ್ತಳೆ ಪಟ್ಟೆಯ ಮೀನು ಬಂದು ತಿಂದಿತು. ಅವಳು ನಕ್ಕಳು. ಅಷ್ಟೇ.

ಮಾರನೇ ತಿಂಗಳು ನಿನ್ನ ಸಹಿಯ ಕಾಗದದಲ್ಲಿ 'ತಿಂಡಿ' ಎಂದು ನೋಡಿದೆ. ಯಾರೋ ನೋಡಿದ್ದಾರೆ ಎಂದುಕೊಂಡೆ. ವಿಚಾರಣೆಗೆ ಕೊಟ್ಟ ಹೇಳಿಕೆಯಲ್ಲಿ 'ನಾನು ಆ ತೊಟ್ಟಿಯನ್ನು ಮುಟ್ಟಿಯೇ ಇಲ್ಲ' ಎಂದು ಬರೆಸಿದೆ. ಸುಳ್ಳು. ಮಗಳು ಕೇಳಿದಾಗ ಬಾಯಿ ಬರಲಿಲ್ಲ, ಅದಕ್ಕೇ. ಈ ಎರಡು ತಿಂಗಳೂ ಒಳಗೊಳಗೆ ಒಂದೇ ಯೋಚನೆ. ಇರಬಹುದೇನೋ, ನಾನೇ ಇರಬಹುದೇನೋ. ಸಭೆಯಲ್ಲಿ ಎದ್ದು ನಿಂತು ಅನ್ಯಾಯ ಅನ್ಯಾಯ ಎಂದು ಕೂಗುತ್ತೇನೆ, ಕೂತ ಮೇಲೆ ಒಂದು ಚಿಟಿಕೆ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನೀರು ಎಂದು ಬರೆದಿದ್ದೀಯ. ನನ್ನನ್ನು ಸಮಾಧಾನ ಮಾಡಲು ಬರೆಯಬೇಡ. ಸರಿಯಾಗಿ ಹೇಳು. ಬಿಸ್ಕತ್ತಾ, ನೀರಾ?

ನಾನು


ಏಪ್ರಿಲ್ 30

ಅಕ್ಕಾ,

ನೀರು. ನೂರಕ್ಕೆ ನೂರು ನೀರು.

ಒಂದು ಚಿಟಿಕೆ ಬಿಸ್ಕತ್ತನ್ನು ಆ ಮೀನು ಅಲ್ಲೇ ತಿಂದು ಮುಗಿಸಿತು. ಉಳಿದ ಪುಡಿ ಬಸವನಹುಳುವಿಗೆ ಒಂದು ತುತ್ತು. ದಿನಾ ಹಾಕಿದ್ದರೆ ಬೇರೆ ಮಾತು. ಒಂದು ಸಲಕ್ಕೆ ಪಾಚಿ ಅಲ್ಲ, ಪಾಚಿಯ ನೆರಳೂ ಬರುವುದಿಲ್ಲ. ಆ ನಲ್ಲಿಯ ನೀರಿನಲ್ಲಿ ಪಾಚಿಗೆ ಬೇಕಾದ ಗೊಬ್ಬರ ಕರಗಿಕೊಂಡೇ ಬರುತ್ತದೆ. ನಾನು ಐದು ತಿಂಗಳು ದಿನಾ ಎರಡು ಮೂರು ಲೀಟರು ಅದನ್ನೇ ಸುರಿದೆ. ನೀರು ಆವಿಯಾಗಿ ಹೋಯಿತು, ಗೊಬ್ಬರ ಒಳಗೇ ಉಳಿದು ದಪ್ಪವಾಯಿತು.

ನಾನು ಹೇಳಿದರೆ ನಂಬಬೇಡ. ನನ್ನ ಮಾತಿಗೆ ಈಗ ಬೆಲೆ ಇಲ್ಲ ಎಂದು ನನಗೇ ಗೊತ್ತು. ಅದಕ್ಕೇ ಮನೆಯ ಕಿಟಕಿಯಲ್ಲಿ ಎರಡು ಗಾಜಿನ ಜಾಡಿ ಇಟ್ಟಿದ್ದೇನೆ. ಎರಡಕ್ಕೂ ಒಂದೇ ಅಳತೆಯ ಉಪ್ಪು, ಒಂದೇ ಬಿಸಿಲು, ತೊಟ್ಟಿಯಿಂದ ತಂದ ಪಾಚಿಯ ಒಂದೊಂದು ಎಳೆ. ಒಂದಕ್ಕೆ ನಿಮ್ಮ ಕೋಣೆಯ ನಲ್ಲಿ ನೀರು, ಇನ್ನೊಂದಕ್ಕೆ ಕ್ಯಾನಿನ ನೀರು. ನಿನಗೆ ಹಿಂದಿನ ಕಾಗದ ಬರೆದ ದಿನ ಇಟ್ಟೆ. ಇವತ್ತಿಗೆ ಮೂರು ವಾರ. ನಲ್ಲಿಯ ಜಾಡಿ ಹಸಿರು ಕುಂಚದಂತಿದೆ. ಇನ್ನೊಂದರಲ್ಲಿ ಆ ಎಳೆ ಬೆಳ್ಳಗಾಗಿ ತಳ ಸೇರಿದೆ. ಮೇ 12ಕ್ಕೆ ಎರಡನ್ನೂ ತರುತ್ತೇನೆ.

ತೊಟ್ಟಿಯನ್ನೂ ಸರಿ ಮಾಡುತ್ತಿದ್ದೇನೆ. ಇಷ್ಟು ದಿನ ಕಲ್ಲನ್ನು ನೀರೊಳಗೇ ಉಜ್ಜುತ್ತಿದ್ದೆ. ಹಾಗೆ ಉಜ್ಜಿದರೆ ಪಾಚಿ ತುಂಡು ತುಂಡಾಗಿ ತೊಟ್ಟಿ ತುಂಬ ಹರಡುತ್ತದೆ, ಇವತ್ತು ಚೊಕ್ಕ ಕಾಣುತ್ತದೆ, ನಾಳೆ ಹತ್ತು ಕಡೆ ಚಿಗುರುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ನೋಡುವವರ ಕಣ್ಣಿಗೆ ಚೊಕ್ಕವಾದರೆ ಸಾಕು ಎಂದು ಮಾಡಿದೆ. ಈಗ ಕಲ್ಲನ್ನು ಹೊರಗೆ ತೆಗೆದು, ಉಪ್ಪುನೀರಿನ ಬಕೆಟ್ಟಿನಲ್ಲಿ ಉಜ್ಜಿ ತೊಳೆದು ಮತ್ತೆ ಇಡುತ್ತೇನೆ. ಲೈಟು ಉರಿಯುವುದನ್ನು ದಿನಕ್ಕೆ ಹತ್ತು ಗಂಟೆಯಿಂದ ಆರು ಗಂಟೆಗೆ ಇಳಿಸಿದ್ದೇನೆ. ಹತ್ತು ಬಸವನಹುಳು ಹೊಸದಾಗಿ ಬಿಟ್ಟಿದ್ದೇನೆ. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ಬದಲಿಸುತ್ತೇನೆ, ಕ್ಯಾನಿನ ನೀರೇ. ಪಾಚಿ ಕೀಳುವುದು ಕೆಲಸವಲ್ಲ, ಅದಕ್ಕೆ ಊಟ ಹಾಕುವುದನ್ನು ನಿಲ್ಲಿಸುವುದೇ ಕೆಲಸ. ಉಳಿದ ಹವಳಗಳಲ್ಲಿ ಮೂರು ಬಾಯಿ ತೆರೆದಿವೆ.

ಕ್ಯಾನನ್ನು ಮೆಟ್ಟಿಲಲ್ಲೇ ಹೊರುತ್ತಿದ್ದೇನೆ. ಮಹಡಿಗೊಮ್ಮೆ ಕೂರುತ್ತೇನೆ. ಇದನ್ನು ಹೊಗಳಲಿ ಎಂದು ಬರೆಯುತ್ತಿಲ್ಲ. ಹೊಗಳಬೇಡ.

ನೀನು ಎರಡು ತಿಂಗಳು ಆ ಬಿಸ್ಕತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇದ್ದೆಯಲ್ಲ, ಆ ಎರಡು ತಿಂಗಳೂ ನನಗೆ ಉತ್ತರ ಗೊತ್ತಿತ್ತು. ನೀನು ಮಾರ್ಚಿನಲ್ಲೇ ಕೇಳಿದ್ದೆ. ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

ತಪ್ಪಿತಸ್ಥ


ಮೇ 13

ಅಕ್ಕಾ,

ನಿನ್ನೆಯದನ್ನು ನೀನೇ ಕಣ್ಣಾರೆ ನೋಡಿದೆ. ಆದರೂ ಬರೆಯುತ್ತೇನೆ. ನನ್ನ ಕೈಯಿಂದಲೇ ಬರೆದಿರಲಿ.

ಜಾಡಿಗಳನ್ನು ಮೇಜಿನ ಮೇಲಿಟ್ಟೆ. ವಿಚಾರಣೆಯ ಅಧಿಕಾರಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದೇನಪ್ಪ, ಉಪ್ಪಿನಕಾಯಿನಾ?" ಎಂದರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ನನಗೆ ಸ್ವಲ್ಪ ಧೈರ್ಯ ಬಂತು. ಹೇಳಿದೆ. "ಸಾರ್, ನಲ್ಲಿ ನೀರು ಹಾಕಿದ್ದು ನಾನು. ಅಕ್ಕನಿಗೂ ಇದಕ್ಕೂ ಸಂಬಂಧ ಇಲ್ಲ." ನಿನ್ನ ಮಗಳು ಬಾಗಿಲ ಹತ್ತಿರ ನರ್ಸಿಂಗ್ ಸಮವಸ್ತ್ರದಲ್ಲೇ ನಿಂತಿದ್ದಳು. ಅವಳು ನಿನ್ನ ಕಡೆ ತಿರುಗಿದಳು. ಅಷ್ಟಾದರೂ ಆಯಿತು ಎಂದುಕೊಂಡೆ.

ಆಮೇಲೆ ಅಧಿಕಾರಿ ಕೇಳಿದರು. "ಹಾಗಾದ್ರೆ ಈ ಹೇಳಿಕೆ ಬರೆದೋರು ಯಾರು? ನೀನೇನಾ? ಯಾರಾದ್ರೂ ಬರೆಸಿದ್ರಾ?" ಮೂರುಪೆನ್ನು ಎದುರಿಗೇ ಕೂತಿದ್ದ. ನನ್ನನ್ನು ನೋಡದೆ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

"ನೆನಪಿಲ್ಲ ಸಾರ್" ಎಂದೆ.

ಅಕ್ಕಾ, ನಾನು ಹೇಳಬೇಕೆಂದೇ ಬಂದಿದ್ದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಸತ್ತಿತು. ಅವನು ಹೆದರಿಸಲೂ ಇಲ್ಲ. ಹೆದರಿಸದವನಿಗೆ ಹೆದರಿದೆ. ನಿನ್ನ ಮುಖ ನೋಡಿದೆ. ನೀನು ಕೋಪ ಮಾಡಿಕೊಂಡಿರಲಿಲ್ಲ. ಹಳೆಯ ಸುದ್ದಿ ಇನ್ನೊಮ್ಮೆ ಕೇಳುವವಳ ಹಾಗೆ ಕೂತಿದ್ದೆ.

ಇವತ್ತು ಬೆಳಿಗ್ಗೆ ಗೇಟಿನಲ್ಲಿ ನನಗೂ ಒಂದು ಕಾಗದ ಸಿಕ್ಕಿತು. "ತಾಂತ್ರಿಕ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಪಾಚಿ ಬೆಳೆದು ಹವಳಗಳು ಸತ್ತಿರುತ್ತವೆ." ಕ್ಯಾನು ನಿಂತದ್ದಿಲ್ಲ, ಮೆಟ್ಟಿಲಿಲ್ಲ, ಎರಡು ಸಲ ಕೇಳಿದ್ದಿಲ್ಲ. ಟೈಪು ಮಾಡಿದ ಅಕ್ಷರ ನಿನ್ನ ಕಾಗದದ್ದೇ. ಕಾವಲುಗಾರ ಕಾರ್ಡು ಕೇಳಿದ, ಕೊಟ್ಟೆ.

ಆಗಬೇಕಾದ್ದೇ ಆಯಿತು. ಇನ್ನು ಬರೆಯುವುದಿಲ್ಲ. ನಿನ್ನ ಸಂಘದ ಮುಂದೆ ಬರುವ ಮುಖ ನನಗಿಲ್ಲ.

ತೊಟ್ಟಿಯವನು


ಮೇ 17

ತೊಟ್ಟಿಯವನೇ,

ಇನ್ನು ಬರೆಯುವುದಿಲ್ಲ ಎನ್ನಲು ನಿನಗೆ ಯಾರು ಹೇಳಿದರು? ನಾಚಿಕೆಯಾದರೆ ಮನೆಯಲ್ಲಿ ಕೂರಬಹುದು ಎಂದುಕೊಂಡೆಯಾ? ಅವರಿಗೆ ಬೇಕಾದದ್ದೂ ಅದೇ. ನಮ್ಮ ನಾಚಿಕೆಯಷ್ಟು ಅಗ್ಗದ ಕಾವಲುಗಾರ ಅವರಿಗೆ ಇನ್ನೆಲ್ಲಿ ಸಿಗುತ್ತಾನೆ?

ನನ್ನ ಮೇಲಿನ ಆರೋಪ ಬಿದ್ದುಹೋಗಿದೆ. ಕೆಲಸ ಇನ್ನೂ ಬಂದಿಲ್ಲ. ಜೂನ್ 9ಕ್ಕೆ ವಿಚಾರಣೆ ಮುಂದುವರಿಯುತ್ತದೆ. ಕಾಗದ ಬರೆಸಿದವರು ಯಾರು ಎಂಬುದು ತೀರ್ಮಾನವಾಗದೆ ಇದು ಮುಗಿಯುವುದಿಲ್ಲ. ಹಾಗೆ ಬಿಟ್ಟರೆ ನಾಳೆ ನಿನ್ನ ಜಾಗಕ್ಕೊಬ್ಬ, ನನ್ನ ಜಾಗಕ್ಕೊಬ್ಬಳು ಬರುತ್ತಾರೆ, ಅವರಿಗೂ ಅದೇ ಟೈಪಿನಲ್ಲಿ ಕಾಗದ.

ವಿಚಾರಣೆ ಮುಗಿಸಿ ಬಸ್ಸಿನಲ್ಲಿ ಬರುವಾಗ ಮಗಳು ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಗ ಬಿಸ್ಕತ್ತಿನ ವಿಷಯ ಹೇಳಿದೆ. ಪೂರ್ತಿ ಹೇಳಿದೆ. "ಇಷ್ಟೇನಾ? ಇಷ್ಟಕ್ಕೆ ಎರಡು ತಿಂಗಳು ನನ್ನ ಮುಖ ನೋಡದೆ ಇದ್ಯಾ ನೀನು?" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ನಾನು ಹಾಗೆ ಕೇಳಬಾರದಿತ್ತಮ್ಮ" ಎಂದಳು. ಕೇಳಿದ್ದು ಸರಿ, ಉತ್ತರ ಹೇಳದೆ ಇದ್ದದ್ದು ತಪ್ಪು ಎಂದೆ.

ಜೂನ್ 9ಕ್ಕೆ ನಾನೂ ಎದ್ದು ನಿಂತು ಹೇಳುತ್ತೇನೆ. ತೊಟ್ಟಿ ಮುಟ್ಟಿಲ್ಲ ಎಂದದ್ದು ಸುಳ್ಳು, ಮುಟ್ಟಿದೆ, ಒಂದು ಚಿಟಿಕೆ ಹಾಕಿದೆ ಎಂದು. ಸಂಘದಲ್ಲಿ ಕೆಲವರು, "ಯಾಕಕ್ಕಾ, ಗೆದ್ದ ಮೇಲೆ ಯಾಕೆ ಕೆದಕ್ತೀಯಾ?" ಎಂದರು. ನೆನಪಿಲ್ಲ ಎಂದ ನಿನ್ನನ್ನು ಬೈಯಬೇಕಾದರೆ ನನ್ನ ಬಾಯಿ ಮೊದಲು ತೊಳೆದಿರಬೇಕು.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತೂ ಇಲ್ಲ. ಅದು ನನ್ನ ಸ್ವಂತ ವಿಷಯ. ಸಂಘ ನನ್ನ ಸ್ವಂತದ್ದಲ್ಲ. ಗೇಟಿನಲ್ಲಿ ಮಾತು ಕೇಳದೆ ಕಾಗದ ಕೊಟ್ಟು ಕಳಿಸಿದರೆ, ಅವನು ಯಾರೇ ಆಗಿರಲಿ, ಎಂಥವನೇ ಆಗಿರಲಿ, ಸಂಘ ಕೇಳುತ್ತದೆ. ನಿನ್ನ ಪ್ರಕರಣವನ್ನೂ ತೆಗೆದುಕೊಳ್ಳಬೇಕು ಎಂದು ನಾನೇ ಮಂಡಿಸಿದ್ದೇನೆ. ಜಗಳ ಆಯಿತು. ಎರಡನೇ ಮಹಡಿಯವಳು ನಿನಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ, ಅವನೇ ಬಂದು ಹೇಳಲಿ, ಕೇಳಿ ತೀರ್ಮಾನ ಮಾಡೋಣ ಎಂದರು.

ಲಿಫ್ಟಿನ ಕಾರ್ಡಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಸಂಘದ ಸಭೆಯಲ್ಲಿ ನಲವತ್ತು ಜನ ಕೂತಿರುತ್ತಾರೆ. ಎಲ್ಲರೂ ಆ ಮೆಟ್ಟಿಲು ಹತ್ತಿ ಮಂಡಿ ಸವೆಸಿದವರು. ಅವರ ಮುಂದೆ ನಿಂತು, ಯಾರು ಕೊಟ್ಟ, ಯಾಕೆ ಕೊಟ್ಟ, ನೀನು ಯಾಕೆ ತೆಗೆದುಕೊಂಡೆ, ಮೂರನ್ನೂ ನೀನೇ ಹೇಳಬೇಕು. ಬೈಯುತ್ತಾರೆ. ಬೈಸಿಕೊಳ್ಳಬೇಕು. ನಾನು ನಿನ್ನ ಪರ ಒಂದು ಮಾತೂ ಆಡುವುದಿಲ್ಲ, ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ. ಅಲ್ಲಿ ಹೇಳಲು ಬಾಯಿ ಬಂದರೆ ಜೂನ್ 9ಕ್ಕೆ ಮೂರುಪೆನ್ನಿನ ಎದುರೂ ಬರುತ್ತದೆ. ಅಲ್ಲೇ ಬರದಿದ್ದರೆ ಇಲ್ಲಿಗೆ ಮುಗಿಯಿತು.

ಸಭೆ ಬಟ್ಟೆಮನೆಯ ಹಿಂದಿನ ಅಂಗಳದಲ್ಲಿ. ಮುಂದಿನ ಬಾಗಿಲಿನಿಂದಲೇ ಬಾ.

ಕಾರ್ಯದರ್ಶಿ,
ಸ್ವಚ್ಛತಾ ಮತ್ತು ಗುತ್ತಿಗೆ ಕೆಲಸಗಾರರ ಸಂಘ

ಸಭೆ: ಮೇ 24, ಭಾನುವಾರ, ಸಂಜೆ ನಾಲ್ಕು ಗಂಟೆ.